ಹಲ್ಲಿನ ಡಾಕ್ಟರ ಮುಖಭಂಗ

"ಮಾದರಿ ಬೇಕಾ? ಮನೇಲಿ ನಾನಿರುವಾಗ ಹೊರಗೆ ಯಾಕೆ ಹುಡುಕ್ತೀಯ? ಬಂಡೆ ಕೂತ ಹಾಗೆ ಕೂರ್ತೀನಿ, ನೋಡ್ತಿರು!"

ಊಟದ ಮೇಜಿನ ಮುಂದೆ ಎದೆ ತಟ್ಟಿಕೊಂಡು ಹಲ್ಲಿನ ಡಾಕ್ಟರು ಹೀಗೆ ಘೋಷಣೆ ಹೊರಡಿಸಿದಾಗ ಅವರ ಹೆಂಡತಿ ತಟ್ಟೆಯಿಂದ ತಲೆ ಎತ್ತಿದರು.

"ನೀವು? ಬಂಡೆ? ಸಿನಿಮಾಗೆ ಕರ್ಕೊಂಡು ಹೋದ್ರೂ ಅರ್ಧದಲ್ಲಿ ಎದ್ದು ಹೊರಗೆ ಒಂದು ಸುತ್ತು ಹಾಕಿ ಬರೋರು."

"ಅದು ಸಿನಿಮಾ ಕಣೇ. ಇದು ಕಲೆ!"

ಕಲೆ ಎಂಬ ಮಾತು ಡಾಕ್ಟರ ಬಾಯಲ್ಲಿ ಬಂದಿದ್ದೇ ಒಂದು ವಿಶೇಷ. ಅಲ್ಲಿಯವರೆಗೆ ಅವರಿಗೆ ಗೊತ್ತಿದ್ದ ಕಲೆ ಅಂದರೆ ಕಾಫಿ ಕುಡಿದವರ ಹಲ್ಲಿನ ಮೇಲೆ ಕೂರುವ ಕಲೆ. ಅದನ್ನು ಉಜ್ಜಿ ತೆಗೆಯುವುದೇ ಅವರ ಕಸುಬು. ಆದರೆ ಮಗಳು, ಮನೆಯವರೆಲ್ಲರ ಬಾಯಲ್ಲಿ 'ಗುಬ್ಬಿ', ಹನ್ನೊಂದನೇ ತರಗತಿಗೆ ಸೇರುವಾಗ ವಿಜ್ಞಾನದ ಜೊತೆಗೆ ಅಚ್ಚುಕಲೆ ಎಂಬ ವಿಷಯವನ್ನೂ ಆರಿಸಿಕೊಂಡು ಬಂದಿದ್ದಳು. ರಬ್ಬರಿನಂಥ ಮೆತ್ತನೆಯ ಹಾಳೆಯೊಂದಿರುತ್ತದೆ, ಅದಕ್ಕೆ ಲಿನೋ ಅಂತ ಹೆಸರು. ಅದರ ಮೇಲೆ ಚಿತ್ರ ಬರೆದು, ಬಿಳಿಯಾಗಿ ಕಾಣಬೇಕಾದ ಜಾಗವನ್ನೆಲ್ಲ ಚಿಕ್ಕ ಉಳಿಯಿಂದ ಕೊರೆದು ತೆಗೆದು, ಉಳಿದದ್ದಕ್ಕೆ ಕಪ್ಪು ಶಾಯಿ ಸವರಿ ಕಾಗದದ ಮೇಲೆ ಒತ್ತಿದರೆ ಚಿತ್ರ ಬರುತ್ತದೆ. ಇದು ಗುಬ್ಬಿ ಕೊಟ್ಟ ವಿವರಣೆ. "ಅಂದ್ರೆ ಕೊರೆಯೋದು, ಅಚ್ಚು ತೆಗೆಯೋದು. ನಾನು ಮಾಡೋ ಕೆಲಸಾನೇ!" ಅಂತ ಡಾಕ್ಟರು ಆಗ ನಕ್ಕಿದ್ದರು.

ನಕ್ಕಿದ್ದು ಬಾಯಿ. ಮನಸ್ಸು ನಕ್ಕಿರಲಿಲ್ಲ. ಕ್ಲಿನಿಕ್ಕಿನಲ್ಲಿ ತಮ್ಮ ಕೋಣೆಯ ಪಕ್ಕದ ಕೋಣೆಯನ್ನು ಅವರು ಖಾಲಿ ಇಟ್ಟುಕೊಂಡಿದ್ದರು. ಅಲ್ಲೊಂದು ಹೊಸ ಕುರ್ಚಿ, ಬಿಚ್ಚದ ಪ್ಲಾಸ್ಟಿಕ್ ಹೊದಿಕೆಯೊಳಗೆ ಮಗಳಿಗಾಗಿ ಕಾಯುತ್ತಿತ್ತು. ಕೊನೆಗೆ ಅಪ್ಪ ಮಗಳ ನಡುವೆ ಒಂದು ಒಪ್ಪಂದವಾಯಿತು. ಹನ್ನೆರಡನೇ ತರಗತಿಯ ಕೊನೆಯ ಕೃತಿಯನ್ನು ನೋಡಿ ಚಿತ್ರಕಲಾ ಕಾಲೇಜಿನವರು 'ಬಾ' ಅಂದರೆ ಅವಳು ಅಲ್ಲಿಗೆ. 'ಬೇಡ' ಅಂದರೆ ಅಪ್ಪನ ದಾರಿಗೆ, ಒಂದು ಮಾತೂ ಆಡದೆ. ಆ ಕೊನೆಯ ಕೃತಿಯ ವಿಷಯವೇ 'ನನ್ನ ಮನೆಯ ಒಬ್ಬರ ಮುಖ'. ಸೋಮವಾರ ಬೆಳಿಗ್ಗೆ ಶಾಲೆಗೆ ಒಪ್ಪಿಸಬೇಕು.

ಹೀಗೆ ಡಾಕ್ಟರು ತಮ್ಮ ಕನಸಿಗೆ ತಾವೇ ಕೊಡಲಿ ಹಾಕಲು ಕಿಟಕಿ ಪಕ್ಕದ ಕುರ್ಚಿಯಲ್ಲಿ ಬಂಡೆಯಾಗಿ ಕೂತರು.

ಬಂಡೆಗೆ ಮೊದಲು ಮೂಗು ತುರಿಸಿತು. ಆಮೇಲೆ ಕುತ್ತಿಗೆ. ಆಮೇಲೆ ಬಂಡೆಗೆ ಮಾತಾಡಬೇಕು ಅನ್ನಿಸಿತು!

"ಅಲ್ಲಾ ಗುಬ್ಬೀ, ಈ ಉಳಿಯ ಮೊನೆ..."

"ಅಪ್ಪಾ, ಬಾಯಿ ಮುಚ್ಚು. ಅಲ್ಲಾಡಬೇಡ. ಇನ್ನೊಂದೇ ನಿಮಿಷ. ಏನೂ ನೋವಾಗಲ್ಲ."

ಡಾಕ್ಟರು ಬೆಚ್ಚಿದರು. ಇದೆಲ್ಲ ಅವರದೇ ಮಾತು! ಜೀವಮಾನವೆಲ್ಲ ಬೇರೆಯವರ ಬಾಯಿ ತೆರೆಸಿ ತಾವು ಮಾತಾಡಿದವರು, ಈಗ ತಮ್ಮ ಬಾಯಿ ಮುಚ್ಚಿಸಿಕೊಂಡು ಕೂರಬೇಕು! ಆ 'ಒಂದೇ ನಿಮಿಷ' ಎಷ್ಟು ಉದ್ದ ಅನ್ನುವುದು ಅವರಿಗೆ ಅವತ್ತೇ ಗೊತ್ತಾದದ್ದು. ಅಷ್ಟರಲ್ಲಿ ಫೋನು ಬಂತು, ಹಾರಿ ಎದ್ದರು. ಬಾಗಿಲ ಗಂಟೆ ಸದ್ದಾಯಿತು, ಹಾರಿ ಎದ್ದರು. ಯಾರೂ ಬಾರಿಸದಿದ್ದಾಗಲೂ "ಯಾರೋ ಬಂದ ಹಾಗಾಯ್ತು" ಅಂತ ಎದ್ದರು. ಗುಬ್ಬಿ ಪೆನ್ಸಿಲ್ಲನ್ನು ಹಲ್ಲಲ್ಲಿ ಕಚ್ಚಿಕೊಂಡು ಅವಸರದಲ್ಲಿ ಲಿನೋ ಹಾಳೆಯ ಮೇಲೇ ನೇರವಾಗಿ ಬರೆದು ಮುಗಿಸಿದಳು. ಇಂಥ ಬಂಡೆಯನ್ನು ನಂಬಿಕೊಂಡು ನಿಧಾನವಾಗಿ ಬರೆಯುವುದಾದರೂ ಹೇಗೆ?

ಗುರುವಾರ ಸಂಜೆ ಮೊದಲ ಕರಡಚ್ಚು. ಊಟದ ಮೇಜಿನ ಮೇಲೆ ಹಳೆ ಪೇಪರು ಹಾಸಿ, ಗಾಜಿನ ಚೂರಿನ ಮೇಲೆ ಶಾಯಿ ಹಾಕಿ, ಗುಬ್ಬಿ ರೋಲರನ್ನು ಚರಚರ ಅಂತ ಆಡಿಸಿದಳು. ಮಕ್ಕಳು ಅಪ್ಪನ ಮುಖಕ್ಕೆ ಮಸಿ ಬಳಿಯುತ್ತಾರೆ ಅಂತ ಜನ ಆಡಿಕೊಳ್ಳುವುದುಂಟು. ಇಲ್ಲಿ ಮಗಳು ಸಾಕ್ಷಾತ್ ಅಪ್ಪನ ಎದುರೇ, ಹಣೆಯಿಂದ ಗದ್ದದವರೆಗೆ ಒಂದಿಷ್ಟೂ ಜಾಗ ಬಿಡದೆ ಬಳಿಯುತ್ತಿದ್ದಳು. ಅಪ್ಪ ಪಕ್ಕದಲ್ಲಿ ನಿಂತು "ಕಿವಿ ಹತ್ರ ಸ್ವಲ್ಪ ಕಮ್ಮಿಯಾಯ್ತು" ಅಂತ ಸಲಹೆ ಕೊಡುತ್ತಿದ್ದರು! ಕಾಗದ ಹೊದಿಸಿ, ಚಮಚದ ಬೆನ್ನಿನಿಂದ ಚೆನ್ನಾಗಿ ಉಜ್ಜಿ, ಮೂಲೆ ಹಿಡಿದು ಮೆಲ್ಲಗೆ ಎತ್ತಿದಳು.

"ಆಹಾ!" ಅಂದರು ಡಾಕ್ಟರು. "ನಾನೇ! ನನ್ನ ಪಡಿಯಚ್ಚು!"

ಬೇರೆ ಯಾರೂ ಆಹಾ ಅನ್ನಲಿಲ್ಲ.

ಅಜ್ಜಿ, ಅಂದರೆ ಡಾಕ್ಟರ ತಾಯಿ, ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಇದ್ಯಾರು?"

"ನಾನಮ್ಮಾ!"

"ಹೋಗೋ. ಹೆತ್ತೋಳು ನಾನು, ನನಗೆ ಗೊತ್ತಿಲ್ವಾ? ನನ್ನ ಮಗನ ಮಚ್ಚೆ ಇರೋದು ಎಡಗೆನ್ನೆ ಮೇಲೆ. ಇವನ್ಯಾರೋ ಬಲಗೆನ್ನೆ ಮಚ್ಚೆಯವನು. ನೋಡಿದ್ರೆ ಅಷ್ಟು ನಂಬಿಕಸ್ಥನ ಹಾಗೂ ಕಾಣಲ್ಲ."

ಹೆಂಡತಿ ಪತ್ರಿಕೆಯೊಂದರಲ್ಲಿ ಕರಡು ತಿದ್ದುವವರು. ಗಂಡ ಹೆಂಡತಿ ಇಬ್ಬರದೂ ಹುಳುಕು ಹುಡುಕುವ ವೃತ್ತಿ. ಒಬ್ಬರಿಗೆ ಹಲ್ಲಿನಲ್ಲಿ, ಇನ್ನೊಬ್ಬರಿಗೆ ಸಾಲಿನಲ್ಲಿ. ಕರಡು ಕಂಡರೆ ಅವರ ಕೈ ತಡೆಯುತ್ತದೆಯೇ? ಕೆಂಪು ಪೆನ್ಸಿಲ್ ಬಂದೇ ಬಂತು. "ಬೈತಲೆ ಆ ಕಡೆ ಇರಬೇಕು. ಮೇಲಿರೋ ಹುಬ್ಬು ಕೆಳಗೆ, ಕೆಳಗಿರೋದು ಮೇಲೆ. ಮೂಗು ಆ ಕಡೆ ವಾಲಬೇಕು."

"ನನ್ನ ಮೂಗು ವಾಲಿಲ್ಲ!"

"ವಾಲಿದೆ ರೀ. ಮದುವೆಗೆ ಮುಂಚೆಯಿಂದಲೂ ವಾಲಿದೆ."

ಡಾಕ್ಟರು ಹಸಿ ಚಿತ್ರವನ್ನು ಕಿತ್ತುಕೊಂಡು ಬಚ್ಚಲಮನೆಗೆ ಓಡಿದರು. ಕನ್ನಡಿಯ ಪಕ್ಕದ ಗೋಡೆಗೆ ಅದನ್ನು ಒತ್ತಿ ಹಿಡಿದು ಒಮ್ಮೆ ಇತ್ತ, ಒಮ್ಮೆ ಅತ್ತ ನೋಡಿದರು. ಮಚ್ಚೆಗೆ ಮಚ್ಚೆ, ಬೈತಲೆಗೆ ಬೈತಲೆ ಸರಿಯಾಗಿತ್ತು! "ಬಂದು ನೋಡ್ರೇ! ಒಂದು ಕೂದಲಷ್ಟೂ ವ್ಯತ್ಯಾಸ ಇಲ್ಲ!" ಅಂತ ಅಲ್ಲಿಂದಲೇ ಕೂಗಿದರು.

ಬಾಗಿಲಲ್ಲಿ ಗುಬ್ಬಿ ನಿಂತಿದ್ದಳು. ಮುಖ ಸಪ್ಪಗಾಗಿತ್ತು. "ಕನ್ನಡೀಲಿ ಸರಿಯಾಗೇ ಕಾಣುತ್ತೆ ಅಪ್ಪಾ. ಅಚ್ಚು ಒತ್ತಿದಾಗ ಎಡ ಬಲ ಅದಲು ಬದಲಾಗುತ್ತೆ. ಮೊದಲೇ ತಿರುಗಿಸಿ ಬರ್ಕೋಬೇಕಿತ್ತು. ಅವಸರದಲ್ಲಿ ಮರೆತೆ." ಚಿತ್ರವನ್ನು ಅಪ್ಪನ ಕೈಯಿಂದ ತೆಗೆದುಕೊಂಡು, "ಪರೀಕ್ಷೆ ಮಾಡೋರಿಗೇನು ನೀನು ಗೊತ್ತಾ? ಇರಲಿ ಬಿಡು. ಶನಿವಾರ ಶಾಲೆಯ ಪ್ರೆಸ್ಸಲ್ಲಿ ಇದನ್ನೇ ಒತ್ತಿ ಕೊಟ್ಬಿಡ್ತೀನಿ," ಅಂದಳು.

'ಇರಲಿ ಬಿಡು' ಅಂದ ರೀತಿ ಡಾಕ್ಟರಿಗೆ ನಾಟಿತು. ಹಲ್ಲು ನೋವನ್ನು ನುಂಗಿಕೊಂಡು "ಈಗ ಪರವಾಗಿಲ್ಲ ಡಾಕ್ಟ್ರೇ" ಅನ್ನುವವರನ್ನು ಅವರು ಎಷ್ಟು ಕಂಡಿಲ್ಲ! ಹಾಗೆ ಅಂದವರ ಹಲ್ಲೇ ಕೊನೆಗೆ ಉಳಿಯುವುದಿಲ್ಲ. ಏನಾದರೂ ಮಾಡಬೇಕು. ಪೂರ್ತಿ ಮುಖ ತಿರುಗಿಸಲು ಆಗದಿದ್ದರೆ ಬೇಡ, ಎಲ್ಲರ ಕಣ್ಣಿಗೆ ಮೊದಲು ಚುಚ್ಚಿದ್ದು ಮಚ್ಚೆ ತಾನೇ? ಅದೊಂದನ್ನು ಸರಿಮಾಡಿದರೆ?

ಅಲ್ಲಿಗೆ ಡಾಕ್ಟರೊಳಗಿನ ಡಾಕ್ಟರು ಎದ್ದು ಕೂತರು.

ಶುಕ್ರವಾರ ಗುಬ್ಬಿಗೆ ರಸಾಯನಶಾಸ್ತ್ರದ ಪರೀಕ್ಷೆ. ಪೇಪರಿನಲ್ಲಿ ಸುತ್ತಿಟ್ಟಿದ್ದ ಲಿನೋ ಹಾಳೆ ಅಪ್ಪನ ಚೀಲ ಸೇರಿ ಕ್ಲಿನಿಕ್ಕಿಗೆ ಬಂತು. ಮಧ್ಯಾಹ್ನ ರೋಗಿಗಳು ಖಾಲಿಯಾದ ಮೇಲೆ ಡಾಕ್ಟರು ಅದನ್ನು ಕುರ್ಚಿಯ ತಲೆದಿಂಬಿನ ಮೇಲೆ ಮಲಗಿಸಿ, ದೀಪ ಎಳೆದು, ಮುಖಗವಸು ಕಟ್ಟಿಕೊಂಡರು.

ನರ್ಸಮ್ಮ ಬಂದವರು ಅಲ್ಲೇ ನಿಂತರು. "ಪೇಶೆಂಟ್ ಯಾರು ಡಾಕ್ಟ್ರೇ?"

"ನಾನೇ."

ನರ್ಸಮ್ಮ ಇಣುಕಿ ನೋಡಿ, "ನಿಮ್ಮ ಹಾಗೇ ಇದೆ!" ಅಂದರು. ಹಾಳೆಯ ಮೇಲಿನ ಚಿತ್ರ ನೋಡುವವರಿಗೆ ಸರಿಯಾಗಿಯೇ ಕಾಣುತ್ತದೆ, ಉಲ್ಟಾ ಆಗುವುದು ಒತ್ತಿದಾಗ. ಇದನ್ನೆಲ್ಲ ಅವರಿಗೆ ವಿವರಿಸುವಷ್ಟು ವ್ಯವಧಾನ ಡಾಕ್ಟರಿಗಿರಲಿಲ್ಲ. ಒಂದು ಕೆನ್ನೆಯ ಮಚ್ಚೆಯನ್ನು ಬುಡಸಮೇತ ಕೆತ್ತಿ ತೆಗೆದರು. ಅದು ಸುಲಭ. ಇನ್ನೊಂದು ಕೆನ್ನೆಯಲ್ಲಿ ಹೊಸ ಮಚ್ಚೆ ಏಳಬೇಕಲ್ಲ? ಆ ಕೆನ್ನೆಯನ್ನು ಗುಬ್ಬಿ ಬಿಳಿ ಬರಲೆಂದು ಆಗಲೇ ಕೊರೆದು ಹಳ್ಳ ಮಾಡಿದ್ದಾಳೆ. ಕೊರೆದದ್ದನ್ನು ಮತ್ತೆ ತುಂಬಲು ಅಚ್ಚುಕಲೆಯಲ್ಲಿ ದಾರಿಯಿಲ್ಲ. ಆದರೆ ದಂತವೈದ್ಯದಲ್ಲಿ?

ಹಳ್ಳ ಕಂಡರೆ ತುಂಬುವುದೇ ದಂತವೈದ್ಯ!

ಹಲ್ಲು ತುಂಬುವ ಸಿಮೆಂಟು ಬಂತು. ಗೋಧಿ ಕಾಳಿಗಿಂತ ಚಿಕ್ಕ ಉಂಡೆ ಕೂತಿತು. ಅದನ್ನು ಗಟ್ಟಿ ಮಾಡುವ ನೀಲಿ ಬೆಳಕು ಅಪ್ಪನ ಕೆನ್ನೆಯ ಮೇಲೆ ಬಿತ್ತು. ಚೆನ್ನಾಗಿ ಎದ್ದು ಕಾಣಲಿ ಅಂತ ಸುತ್ತಲಿನ ಮಟ್ಟಕ್ಕಿಂತ ಒಂದು ಎಳೆ ಎತ್ತರವನ್ನೂ ಬಿಟ್ಟು, ಕೊನೆಗೆ ಪಾಲಿಶ್ ಹಾಕಿದರು.

"ಸಂಜೆವರೆಗೆ ಗಟ್ಟಿ ಪದಾರ್ಥ ಏನೂ ಜಗೀಬಾರದು ಅಂತ ಹೇಳ್ಲಾ ಅವರಿಗೆ?" ಅಂತ ನರ್ಸಮ್ಮ ಕೇಳಿದರು.

ಸಂಜೆ ಹಾಳೆ ಸದ್ದಿಲ್ಲದೆ ಮೊದಲಿದ್ದ ಜಾಗಕ್ಕೆ ಮರಳಿತು. ಶನಿವಾರ ಮಧ್ಯಾಹ್ನ ಶಾಲೆಯಿಂದ ಫೋನು. ಕಲಾ ಮೇಷ್ಟ್ರು. "ಡಾಕ್ಟ್ರೇ, ಬಿಡುವಿದ್ರೆ ಒಮ್ಮೆ ಬಂದು ಹೋಗ್ತೀರಾ? ಬಿಡುವಿಲ್ದಿದ್ರೂ ಬನ್ನಿ."

ಕಲಾ ಕೋಣೆಯ ಬಾಗಿಲಲ್ಲೇ ಸೀಮೆಎಣ್ಣೆ, ಶಾಯಿಗಳ ವಾಸನೆ. ಮೇಲೆ ಹಗ್ಗಕ್ಕೆ ಬಟ್ಟೆ ಒಣಹಾಕಿದಂತೆ ಚಿತ್ರಗಳು. ಮಧ್ಯದಲ್ಲಿ ಹಡಗಿನ ಚುಕ್ಕಾಣಿಯಂಥ ದೊಡ್ಡ ಚಕ್ರವಿರುವ ಕಬ್ಬಿಣದ ಪ್ರೆಸ್ಸು. ಅದರ ಪಕ್ಕ ಮೇಷ್ಟ್ರು, ಕಾಗದದ ಮೇಲೆ ಹೊದಿಸಿ ಒತ್ತುವ ದಪ್ಪ ಉಣ್ಣೆಯ ಹಾಸೊಂದನ್ನು ಮಡಿಲಲ್ಲಿಟ್ಟುಕೊಂಡು, ಸತ್ತ ಸಾಕುಪ್ರಾಣಿಯನ್ನು ಸವರುವಂತೆ ಸವರುತ್ತ ಕೂತಿದ್ದರು. ಹಾಸಿನಲ್ಲಿ ಬೆರಳು ತೂರುವಂಥ ತೂತು. ಗುಬ್ಬಿ ಸಿಂಕಿನ ಹತ್ತಿರ ಬೆನ್ನು ಹಾಕಿ ನಿಂತಿದ್ದಳು.

ಮೇಷ್ಟ್ರು ಒಂದು ಕಾಗದ ಎತ್ತಿ ಹಿಡಿದರು. ಡಾಕ್ಟರ ಮುಖ. ಕೆನ್ನೆಯಲ್ಲಿ ಮಚ್ಚೆ ಇರಬೇಕಾದ ಜಾಗದಲ್ಲಿ ಒಂದು ದುಂಡನೆಯ ರಂಧ್ರ. ಅದರ ಮೂಲಕ ಮೇಷ್ಟ್ರ ಅಂಗಿಯ ಗುಂಡಿ ಕಾಣುತ್ತಿತ್ತು. ಹಲ್ಲಿನ ಡಾಕ್ಟರ ಕೆನ್ನೆಗೇ ಹುಳುಕು!

"ಲಿನೋ ಮೆತ್ತಗಿರುತ್ತೆ. ಇದರಲ್ಲೊಂದು ಕಲ್ಲು ಕೂತಿದೆ," ಅಂದರು ಮೇಷ್ಟ್ರು. "ಪ್ರೆಸ್ಸಿನ ಭಾರ ಬಿದ್ದದ್ದೇ ಕಾಗದ ಕೊರೆದು, ನನ್ನ ಹಾಸನ್ನೂ ಕೊರೆದಿದೆ. ಇವಳನ್ನ ಕೇಳಿದ್ರೆ ಗೊತ್ತಿಲ್ಲ ಅಂತಾಳೆ. ನಿಮಗೇನಾದ್ರೂ ಗೊತ್ತಾ?"

"ಅದು... ಹಲ್ಲು ತುಂಬೋ ಸಿಮೆಂಟು."

ಗುಬ್ಬಿ ತಟ್ಟನೆ ಇತ್ತ ತಿರುಗಿದಳು.

ಮೇಷ್ಟ್ರು ಉಗುರಿನಿಂದ ಲಿನೋ ಮೇಲಿನ ಮಚ್ಚೆಯನ್ನು ಕೆರೆದು ನೋಡಿ, "ಗಟ್ಟಿ ಕೆಲಸ," ಅಂದರು. "ನನ್ನ ದವಡೆ ಹಲ್ಲಿಗೆ ನೀವು ತುಂಬಿದ್ದು ಆರು ತಿಂಗಳಿಗೇ ಉದುರಿತ್ತು."

ಡಾಕ್ಟರು ಚಿತ್ರವನ್ನೇ ನೋಡಿದರು. ಹುಬ್ಬು, ಬೈತಲೆ, ಮೂಗು ಕನ್ನಡಿಯಲ್ಲಿ ಇರುವಂತೆಯೇ ಇದ್ದವು. ಮಚ್ಚೆ ಮಾತ್ರ ಜನ ನೋಡುವ ಕಡೆಗೆ ಹೋಗಿ ತೂತಾಗಿ ಕೂತಿತ್ತು. ಗುರುವಾರ ಆ ಮುಖವನ್ನು ಗುರುತಿಸಲು ಡಾಕ್ಟರು ಒಬ್ಬರಾದರೂ ಇದ್ದರು. ಈಗ ಆ ಒಬ್ಬರಿಗೂ ಗುರುತು ಸಿಗಲಿಲ್ಲ.

ಹೊಸ ಹಾಸು ತರಿಸಿಕೊಡುವುದಾಗಿ ಡಾಕ್ಟರು ಒಪ್ಪಿಕೊಂಡರು. ಮೇಷ್ಟ್ರು ಗುಬ್ಬಿಯ ಕೈಗೆ ಹೊಸ ಲಿನೋ ತುಂಡೊಂದನ್ನು ಕೊಟ್ಟು, "ಸೋಮವಾರ ಬೆಳಿಗ್ಗೆ ಬೇಗ ಬಾ, ಹಳೇ ಹಾಸಲ್ಲೇ ಹೇಗಾದ್ರೂ ಒತ್ತೋಣ," ಅಂದರು. ಅಷ್ಟು ಬಿಟ್ಟರೆ ಬೇರೆ ದಾರಿಯಿರಲಿಲ್ಲ.

ಮನೆಗೆ ನಡೆಯುವಾಗ ಗುಬ್ಬಿ ಎರಡು ಹೆಜ್ಜೆ ಮುಂದೆಯೇ ಇದ್ದಳು. ಚಪ್ಪಲಿ ಅಂಗಡಿಯ ತಿರುವಿನಲ್ಲಿ ಸರಕ್ಕನೆ ನಿಂತಳು.

"ಅಪ್ಪಾ, ಒಂದು ಕೇಳ್ತೀನಿ. ನಿಜ ಹೇಳು. ನಾನು ಫೇಲಾಗಲಿ ಅಂತ ಮಾಡಿದ್ಯಾ?"

ಡಾಕ್ಟರು "ಛೆ ಛೆ" ಅನ್ನಲು ಬಾಯಿ ತೆರೆದರು. ಆದರೆ ಬೇರೆಯವರ ಬಾಯೊಳಗೆ ಬೆಳಕು ಬಿಟ್ಟು ನೋಡಿ ಅಭ್ಯಾಸವಾದವರಿಗೆ ಒಮ್ಮೆ ತಮ್ಮೊಳಗೂ ಬಿಟ್ಟು ನೋಡಬೇಕು ಅನ್ನಿಸಿತು. ಅಲ್ಲಿ, ಒಳಗಿನ ಮೂಲೆಯಲ್ಲಿ, ಪ್ಲಾಸ್ಟಿಕ್ ಹೊದ್ದ ಒಂದು ಕುರ್ಚಿ ಕೂತಿತ್ತು.

"ಇಲ್ಲ ಮರೀ. ಸಹಾಯ ಆಗ್ಲಿ ಅಂತಾನೇ ಮಾಡಿದೆ. ದೇವರಾಣೆ. ಆದ್ರೆ..." ಚಪ್ಪಲಿ ಅಂಗಡಿಯ ಕಡೆ ತಿರುಗಿ ಮುಂದುವರಿಸಿದರು. "ನಿನ್ನ ಚಿತ್ರ ಕೆಟ್ಟಿತು ಅಂದಾಗ ನನಗೆ ಎಷ್ಟು ಸಂಕಟ ಆಗಬೇಕಿತ್ತೋ, ಅಷ್ಟು ಆಗಲಿಲ್ಲ. ಸ್ವಲ್ಪ ಕಮ್ಮಿ ಆಯ್ತು."

ಗುಬ್ಬಿ ಅಪ್ಪನ ಮುಖವನ್ನೇ ನೋಡಿದಳು. ಅಳಬಹುದು ಅಂದುಕೊಂಡರು, ಅಳಲಿಲ್ಲ. ಬೈಯಬಹುದು ಅಂದುಕೊಂಡರು, ಬೈಯಲಿಲ್ಲ.

"ನಾಳೆ ಬೆಳಿಗ್ಗೆ ಕೂರ್ತೀಯಾ?" ಅಂದಳು.

"ಕೂರ್ತೀನಿ."

"ಸಹಾಯ ಮಾಡಬಾರದು."

"ಇಲ್ಲ."

"ಬಂಡೆ ಗಿಂಡೆ ಏನೂ ಬೇಡ. ಸುಮ್ನೆ ಕೂತಿರು."

ಭಾನುವಾರ ಡಾಕ್ಟರು ಸುಮ್ಮನೆ ಕೂತರು. ಫೋನು ಪಕ್ಕದ ಕೋಣೆಯಲ್ಲಿ ಬಡಿದುಕೊಂಡು ತಾನೇ ತಣ್ಣಗಾಯಿತು. ಗುಬ್ಬಿ ಈ ಸಲ ತೆಳು ಕಾಗದದ ಮೇಲೆ ಬರೆದಳು. ಬರೆದು, ಅದನ್ನು ತಿರುಗಿಸಿ ಕಿಟಕಿ ಗಾಜಿಗೆ ಹಿಡಿದಳು. ಬೆಳಕಿನಲ್ಲಿ ಡಾಕ್ಟರ ಮುಖ ಹಿಂದುಮುಂದಾಗಿ ಹೊಳೆಯಿತು. ಅದನ್ನು ಲಿನೋ ಮೇಲೆ ಇಳಿಸಿಕೊಂಡು ಕೊರೆಯಲು ಕೂತಳು.

ಮಾಡಲು ಬೇರೇನೂ ಇಲ್ಲದ್ದರಿಂದ ಡಾಕ್ಟರು ಮಗಳನ್ನು ನೋಡಿದರು. ಉಳಿ ಹಿಡಿದ ಬಲಗೈ. ಅದಕ್ಕೆ ಸದಾ ಹಿಂದೆಯೇ ಇರುವ ಎಡಗೈ, ಜಾರಿದರೂ ಏಟು ಬೀಳದಂತೆ. ಅದನ್ನು ತಮ್ಮ ಕೈಕೆಳಗೆ ಕಲಿಯಲು ಬಂದ ಹುಡುಗರಿಗೆ ವರ್ಷಗಟ್ಟಲೆ ಬೈದು ಕಲಿಸಿದ್ದರು. ಇವಳಿಗೆ ಯಾರು ಹೇಳಿಕೊಟ್ಟರು? ಗೆರೆಯ ಕೊನೆಗೆ ಬಂದಾಗ ಉಸಿರು ಹಿಡಿಯುತ್ತಾಳೆ. ಮುಗಿದ ಮೇಲೆ ಊದುತ್ತಾಳೆ, ಚೂರು ಹಾರುತ್ತದೆ. ತಲೆ ಎತ್ತಿ ನೋಡುತ್ತಾಳೆ. ಆ ನೋಟದಲ್ಲಿ ಸಿಟ್ಟಿಲ್ಲ, ಸಲುಗೆಯೂ ಇಲ್ಲ. ಕಣ್ಣ ಕೆಳಗಿನ ಸುಕ್ಕು ಎಲ್ಲಿಂದ ಶುರುವಾಗಿ ಎಲ್ಲಿಗೆ ಮುಗಿಯುತ್ತದೆ ಎಂಬ ಕುತೂಹಲ ಮಾತ್ರ. ತಮ್ಮನ್ನು ಇಷ್ಟು ಹೊತ್ತು ಯಾರೂ ನೋಡಿರಲಿಲ್ಲ ಅನ್ನಿಸಿತು ಡಾಕ್ಟರಿಗೆ. ತಾವೂ ಇವಳನ್ನು ಇಷ್ಟು ಹೊತ್ತು ನೋಡಿರಲಿಲ್ಲ. ಖಾಲಿ ಕೋಣೆಯ ಕುರ್ಚಿಯ ಪಕ್ಕ ನಿಲ್ಲಿಸಿ ನೋಡಿದ್ದರು, ಅಷ್ಟೇ.

ಕಣ್ಣು ಒದ್ದೆಯಾಯಿತು. ಒರೆಸಿಕೊಳ್ಳೋಣ ಅಂದರೆ ಅಲ್ಲಾಡುವ ಹಾಗಿಲ್ಲ! ಹಾಗೇ ಬಿಟ್ಟರು.

"ಅಪ್ಪಾ, ಹಾಗೇ ಇರು," ಅಂದಳು ಗುಬ್ಬಿ ಮೆಲ್ಲಗೆ. ಉಳಿ ಸರಸರ ಓಡಿತು.

ಸಂಜೆ ಹೊತ್ತಿಗೆ ಚಮಚದಲ್ಲಿ ಉಜ್ಜಿದ ಪ್ರತಿಯೊಂದು ಮೇಜಿನ ಮೇಲಿತ್ತು. ಅಜ್ಜಿ ನೋಡಿದವರೇ "ಇವನೇ!" ಅಂದರು, "ಬೈಸಿಕೊಂಡ ಮೇಲೆ ಹೀಗೇ ಕೂರ್ತಿದ್ದ." ಹೆಂಡತಿ ಕೆಂಪು ಪೆನ್ಸಿಲ್ ತಂದಿದ್ದರು. ಬಹಳ ಹೊತ್ತು ನೋಡಿ ಅದನ್ನು ಕಿವಿಗೆ ಸಿಕ್ಕಿಸಿಕೊಂಡರು.

ಡಾಕ್ಟರು ಮಾತ್ರ ಗಾಬರಿಯಾದರು. "ಇದು ನಾನಲ್ಲ ಕಣ್ರೇ! ಮುಖ ಸೊಟ್ಟಗಿದೆ! ಮೂಗು ನೋಡಿ, ವಾಲಿದೆ!"

"ಕನ್ನಡೀಲಿ ಕಾಣೋದು ನಿಮಗೊಬ್ಬರಿಗೇ ರೀ," ಅಂದರು ಹೆಂಡತಿ. "ನಾವೆಲ್ಲ ಇಷ್ಟು ವರ್ಷದಿಂದ ನೋಡ್ತಿರೋದು ಇದನ್ನೇ. ಸಹಿಸ್ಕೊಂಡಿಲ್ವಾ?"

ಸೋಮವಾರ ಗುಬ್ಬಿ ಅದನ್ನು ಒತ್ತಿ ಒಪ್ಪಿಸಿದಳು. ಬೇಸಿಗೆಯಲ್ಲಿ ಕಾಲೇಜಿನವರು 'ಬಾ' ಅಂದರು. ಸುದ್ದಿ ಬಂದಾಗ ಡಾಕ್ಟರು ಮೊದಲು ಮಗಳ ಬೆನ್ನು ತಟ್ಟಿದರು. ಆಮೇಲೆ ಸ್ವಲ್ಪ ಹೊತ್ತು ಬಾಲ್ಕನಿಯಲ್ಲಿ ಒಬ್ಬರೇ ನಿಂತು ಬಂದರು. ಸಂಕಟ ಆಗಲೇ ಇಲ್ಲ ಅಂದರೆ ಸುಳ್ಳಾದೀತು. ಆದರೆ ಎಷ್ಟು ಆಗಬಹುದು ಅಂತ ಹೆದರಿದ್ದರೋ ಅಷ್ಟು ಆಗಲಿಲ್ಲ.

ಶಾಲೆಯಿಂದ ವಾಪಸು ಬಂದ ಚಿತ್ರಕ್ಕೆ ಹೆಂಡತಿ ಚೌಕಟ್ಟು ಹಾಕಿಸಿ ಕ್ಲಿನಿಕ್ಕಿಗೇ ಕಳಿಸಿದರು. "ಮನೇಲಿ ಒಂದು ಓಡಾಡ್ಕೊಂಡಿದೆ, ಸಾಕು." ರೋಗಿಗಳು ಕಾಯುವ ಕೋಣೆಯಲ್ಲಿ, ಬೆಂಚಿನ ಎದುರಿಗೆ ನರ್ಸಮ್ಮ ಅದನ್ನು ತೂಗುಹಾಕಿದರು.

ಕೆಲವು ದಿನಗಳ ಮೇಲೆ ದವಡೆ ಊದಿಸಿಕೊಂಡ ಹೆಂಗಸೊಬ್ಬರು ಬಂದರು. ಕುರ್ಚಿಯಲ್ಲಿ ಕೂತರು, ದೀಪ ಹತ್ತಿತು, ಮುಖಗವಸಿನ ಹಿಂದಿನಿಂದ ಡಾಕ್ಟರು, "ಏನೂ ನೋವಾಗಲ್ಲ ಅಮ್ಮಾ, ಒಂದೇ ನಿಮಿಷ," ಅಂದರು. ಇಕ್ಕಳ ಕಂಡದ್ದೇ ಆ ಹೆಂಗಸು ಕೈ ಅಡ್ಡ ಹಿಡಿದು, ಹೊರಗಿನ ಕೋಣೆಯತ್ತ ಬೆರಳು ತೋರಿಸಿದರು.

"ಡಾಕ್ಟ್ರೇ, ಬೇಜಾರು ಮಾಡ್ಕೋಬೇಡಿ. ಅಲ್ಲಿ ಫೋಟೋದಲ್ಲಿ ಇದಾರಲ್ಲ, ಅವರು ಯಾವತ್ತು ಬರ್ತಾರೆ? ತುಂಬಾ ಕರುಣೆಯಿರೋ ಮುಖ. ನಾನು ಅವರ ಹತ್ರಾನೇ ಕೀಳಿಸ್ಕೊಳ್ತೀನಿ."